ಪ್ರಯಾಣಿಕ ವಿಮಾನಗಳ ರಕ್ಷಣೆ: ಡಕ್ಸ್‌ಫರ್ಡ್ ಕಲಿಸುವ ಪಾಠ

ವಸ್ತುಸಂಗ್ರಹಾಲಯವೆಂದೊಡನೆ ನಮ್ಮ ಮನಸ್ಸಿನಲ್ಲಿ ಸುಳಿಯುವುದು ಶಾಸನಗಳು, ವೀರಗಲ್ಲುಗಳು, ಮೂಗು ಮುರಿದ ವಿಗ್ರಹಗಳು, ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟ ನಾಣ್ಯಗಳು. ಅಲ್ಲಿ ಸ್ಥಾನ ಪಡೆಯುವ ವಸ್ತುವಿಗೆ ಕಡೆಯಪಕ್ಷ ನಾಲ್ಕೈದು ನೂರು ವರ್ಷಗಳ ವಯಸ್ಸಾದರೂ ಇರಬೇಕೆಂಬುದು ನಮ್ಮ ವಾಡಿಕೆಯ ಭಾವನೆ. ಹೀಗಿರುವಾಗ, ಅರುವತ್ತು ಎಪ್ಪತ್ತು ವರ್ಷಗಳ ಹಿಂದೆ ಪ್ರಯಾಣಿಕರನ್ನು ಹೊತ್ತು ತಿರುಗಿದ ವಿಮಾನವೊಂದನ್ನು ಶಾಸನದಂತೆಯೇ ಕಾಪಾಡಬೇಕೆಂದರೆ ನಗುವವರೂ ಉಂಟು. “ಓಡಿ ಸವೆದ ಬಸ್ಸನ್ನು ಯಾರಾದರೂ ಮನೆಯಲ್ಲಿಟ್ಟು ಪೂಜಿಸುತ್ತಾರೆಯೇ?” ಎಂದು ಅವರು ಕೇಳಬಹುದು. ಪ್ರಶ್ನೆ ಹಾಸ್ಯದ್ದಾದರೂ ಹಗುರವಾದುದಲ್ಲ. ಯಾವುದನ್ನು ಉಳಿಸಬೇಕು, ಏಕೆ ಉಳಿಸಬೇಕು, ಯಾರು ಉಳಿಸಬೇಕು ಎಂಬ ಮೂರು ಪ್ರಶ್ನೆಗಳು ಅದರೊಳಗೆ ಅಡಗಿವೆ. ಇಂಗ್ಲೆಂಡಿನ ಡಕ್ಸ್‌ಫರ್ಡ್ ಎಂಬಲ್ಲಿ ನಡೆದಿರುವ ಒಂದು ಕೆಲಸವನ್ನು ಮುಂದಿಟ್ಟುಕೊಂಡು ಈ ಮೂರನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

ಇದನ್ನು ಬರೆಯುತ್ತಿರುವವನು ವಿಮಾನವನ್ನು ಏರಿದವನಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ವಿಮಾನದ ಮೆಟ್ಟಿಲಿನ ಮಾತು ಇನ್ನೂ ದೂರವೇ ಉಳಿದಿದೆ. ಆದರೆ ಇತಿಹಾಸ ನನ್ನ ಐಚ್ಛಿಕ ವಿಷಯ. ಹಂಪೆಯನ್ನು ಕುರಿತು ಬರೆಯಲು ವಿಜಯನಗರದ ಆಸ್ಥಾನದಲ್ಲಿ ಇದ್ದಿರಬೇಕಾಗಿಲ್ಲವಷ್ಟೆ!

ಉಳಿಯುವುದು ಯಾವುದು, ಅಳಿಯುವುದು ಯಾವುದು?

ಲೋಕದ ರೀತಿಯನ್ನು ನೋಡಿದರೆ, ಅಪರೂಪವಾದುದು ಉಳಿಯುತ್ತದೆ. ನಿತ್ಯ ಬಳಕೆಯದು ಅಳಿಯುತ್ತದೆ. ಅರಸನ ಖಡ್ಗವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇವೆ. ಒಕ್ಕಲಿಗನ ಕುಡುಗೋಲು ಸವೆದರೆ ಗುಜರಿಗೆ ಹಾಕುತ್ತೇವೆ. ನಮ್ಮ ಅಜ್ಜನ ಕಾಲದಲ್ಲಿ ನಮ್ಮೂರಿನ ಸುತ್ತ ತೋಟದ ಬಾವಿಗಳಿಗೆಲ್ಲ ಕಪಿಲೆಯಿತ್ತಂತೆ. ಎತ್ತುಗಳು ಇಳಿಜಾರಿನಲ್ಲಿ ಹೋಗಿ ಬಂದು ಮಾಡುತ್ತ, ಚರ್ಮದ ಬಾನಿಯಲ್ಲಿ ನೀರನ್ನು ಮೇಲಕ್ಕೆ ಎಳೆಯುತ್ತಿದ್ದವಂತೆ. ಪಂಪುಸೆಟ್ಟು ಬಂದ ಮೇಲೆ ಆ ಮರದ ಗಾಲಿಗಳು ಒಲೆಗೆ ಹೋದವು. ಇಂದು ಕಪಿಲೆ ಹೇಗಿತ್ತೆಂಬುದನ್ನು ನಾವು ಕೇಳಿ ತಿಳಿಯಬೇಕೇ ಹೊರತು ನೋಡಿ ತಿಳಿಯುವಂತಿಲ್ಲ. ಎಷ್ಟೋ ತಲೆಮಾರುಗಳ ಅನ್ನವನ್ನು ಬೆಳೆದ ಯಂತ್ರವೊಂದು ಒಂದೇ ತಲೆಮಾರಿನಲ್ಲಿ ಕಣ್ಮರೆಯಾಯಿತು. ಅದನ್ನು ಯಾರೂ ದ್ವೇಷದಿಂದ ನಾಶಮಾಡಲಿಲ್ಲ. ಅದು ತೀರ ಸಾಮಾನ್ಯವಾಗಿತ್ತು, ಅಷ್ಟೆ.

ವಿಮಾನಗಳ ಪಾಡೂ ಹೀಗೆಯೇ. ಯುದ್ಧವಿಮಾನಕ್ಕೆ ವೀರಗಾಥೆಯ ಬಲವಿದೆ. ಊರಿನ ವೃತ್ತದಲ್ಲಿ ಕಟ್ಟೆ ಕಟ್ಟಿ ಅದನ್ನು ನಿಲ್ಲಿಸುತ್ತಾರೆ. ಪ್ರಯಾಣಿಕ ವಿಮಾನಕ್ಕೆ ಅಂತಹ ಗಾಥೆಯಿಲ್ಲ. ಅದು ಹೊತ್ತದ್ದು ವ್ಯಾಪಾರಿಗಳನ್ನು, ಅಧಿಕಾರಿಗಳನ್ನು, ಅಂಚೆಯ ಚೀಲಗಳನ್ನು, ತವರಿಗೆ ಹೊರಟ ತಾಯಂದಿರನ್ನು. ಸೇವೆ ಮುಗಿದ ದಿನ ಅದರ ಬೆಲೆಯೆಂದರೆ ಅದರ ಅಲ್ಯೂಮಿನಿಯಮ್ಮಿನ ತೂಕದ ಬೆಲೆ. ಇದರ ಮೇಲೆ ಗಾತ್ರದ ತೊಂದರೆ ಬೇರೆ. ಮುಂದೆ ಹೇಳಲಿರುವ ‘ಕಾಮೆಟ್ 4’ ಎಂಬ ವಿಮಾನ ಸುಮಾರು 34 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ 35 ಮೀಟರ್ ಅಗಲ. ಇಂತಹ ಹತ್ತನ್ನು ಮಳೆಬಿಸಿಲಿಗೆ ಸಿಗದಂತೆ ನಿಲ್ಲಿಸಬೇಕಾದರೆ ಎಂತಹ ಛಾವಣಿ ಬೇಕೆಂಬುದನ್ನು ಓದುಗರೇ ಊಹಿಸಬಹುದು.

ಡಕ್ಸ್‌ಫರ್ಡ್

ಡಕ್ಸ್‌ಫರ್ಡ್ ಎಂಬುದು ಕೇಂಬ್ರಿಜ್ ನಗರದ ದಕ್ಷಿಣಕ್ಕಿರುವ ಒಂದು ಹಳ್ಳಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಸೇನಾ ವಿಮಾನನಿಲ್ದಾಣ ಏರ್ಪಟ್ಟಿತು. ಹೆಸರುವಾಸಿಯಾದ ‘ಸ್ಪಿಟ್‌ಫೈರ್’ ಯುದ್ಧವಿಮಾನವು 1938ರ ಆಗಸ್ಟಿನಲ್ಲಿ ಮೊಟ್ಟಮೊದಲು ಸೇನೆಯ ಸೇವೆಗೆ ಸೇರಿದ್ದು ಇಲ್ಲಿಯ ಪಡೆಗೇ. 1961ರಲ್ಲಿ ವಾಯುಸೇನೆಯು ಈ ನಿಲ್ದಾಣದಿಂದ ತನ್ನ ಕೊನೆಯ ಹಾರಾಟವನ್ನು ಮುಗಿಸಿತು. ಅನಂತರ ಕೆಲವು ವರ್ಷ ಅದು ಹಾಳು ಸುರಿಯುತ್ತಿತ್ತು. 1970ರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ ತನ್ನ ದೊಡ್ಡ ವಸ್ತುಗಳನ್ನು ಇಡಲು ಈ ಸ್ಥಳವನ್ನು ಆರಿಸಿಕೊಂಡಿತು. ಇದರ ಜೊತೆಜೊತೆಯಲ್ಲಿಯೇ, 1975ರಲ್ಲಿ, ವಿಮಾನಪ್ರೇಮಿಗಳು ಸೇರಿ ‘ಡಕ್ಸ್‌ಫರ್ಡ್ ಏವಿಯೇಷನ್ ಸೊಸೈಟಿ’ ಎಂಬ ಧರ್ಮಾರ್ಥ ಸಂಘವನ್ನು ಸ್ಥಾಪಿಸಿದರು. ಯುದ್ಧದ ವಸ್ತುಗಳನ್ನು ಸಂಗ್ರಹಾಲಯ ನೋಡಿಕೊಳ್ಳಲಿ, ಬ್ರಿಟನ್ನಿನಲ್ಲಿ ತಯಾರಾದ ಪ್ರಯಾಣಿಕ ವಿಮಾನಗಳನ್ನು ತಾವು ಕಾಪಾಡುವೆವು ಎಂಬುದು ಈ ಸಂಘದ ಸಂಕಲ್ಪ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಸಂಘದ ಬೆನ್ನೆಲುಬು ಸಂಬಳದ ನೌಕರರಲ್ಲ. ನಿವೃತ್ತ ಇಂಜಿನಿಯರುಗಳು, ಹಿಂದೆ ಇದೇ ವಿಮಾನಗಳಲ್ಲಿ ದುಡಿದವರು, ವಿಮಾನಕ್ಕೂ ತಮ್ಮ ಕಸುಬಿಗೂ ಯಾವ ಸಂಬಂಧವೂ ಇಲ್ಲದವರು, ಎಲ್ಲರೂ ಬಿಡುವಿನ ದಿನಗಳಲ್ಲಿ ಬಂದು ಕೈಗೆ ಗ್ರೀಸು ಹಚ್ಚಿಕೊಳ್ಳುತ್ತಾರೆ. ನಾವು ಶ್ರಮದಾನವೆಂದು ಕರೆಯುವುದು ಇದನ್ನೇ. ನಮ್ಮಲ್ಲಿ ಶ್ರಮದಾನವೆಂದರೆ ಒಂದು ದಿನ ಗುದ್ದಲಿ ಹಿಡಿದು ಭಾವಚಿತ್ರ ತೆಗೆಸಿಕೊಳ್ಳುವುದೆಂದು ಆಗಿಬಿಟ್ಟಿರುವುದು ಬೇರೆಯ ಮಾತು. ಅಲ್ಲಿ ಒಂದೊಂದು ವಿಮಾನದ ಜೀರ್ಣೋದ್ಧಾರಕ್ಕೆ ವರ್ಷಗಟ್ಟಲೆ, ಕೆಲವಕ್ಕೆ ದಶಕಗಟ್ಟಲೆ, ಹಿಡಿದಿದೆ.

ಕಾಮೆಟ್: ಸೋಲಿನ ಸ್ಮಾರಕವೂ ಸ್ಮಾರಕವೇ

ಡಕ್ಸ್‌ಫರ್ಡಿನ ವಿಮಾನಗಳಲ್ಲಿ ವಿದ್ಯಾರ್ಥಿಯ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯತಕ್ಕದ್ದು ಕಾಮೆಟ್. ಡಿ ಹ್ಯಾವಿಲೆಂಡ್ ಎಂಬ ಸಂಸ್ಥೆ ಕಟ್ಟಿದ ಈ ವಿಮಾನ 1949ರ ಜುಲೈ 27ರಂದು ಮೊದಲು ಹಾರಿತು. 1952ರ ಮೇ 2ರಂದು ಲಂಡನ್ನಿನಿಂದ ಜೊಹಾನ್ಸ್‌ಬರ್ಗಿಗೆ ಪ್ರಯಾಣಿಕರನ್ನು ಒಯ್ದು, ಜಗತ್ತಿನ ಮೊಟ್ಟಮೊದಲ ಜೆಟ್ ಪ್ರಯಾಣಿಕ ಸೇವೆಯೆಂಬ ಕೀರ್ತಿಯನ್ನು ಪಡೆಯಿತು. ಅಲ್ಲಿಯವರೆಗೆ ವಿಮಾನಯಾನವೆಂದರೆ ಗಡಗಡ ನಡುಗುವ ಯಂತ್ರದ ಸದ್ದಿನಲ್ಲಿ, ಮೋಡಗಳ ಕುಲುಕಾಟದಲ್ಲಿ, ಹೊಟ್ಟೆಯನ್ನು ಹಿಡಿದುಕೊಂಡು ಕೂರುವುದು. ಕಾಮೆಟ್ಟಾದರೋ ಮೋಡಗಳಿಗಿಂತ ಬಹು ಎತ್ತರದಲ್ಲಿ ನಯವಾಗಿ ಸಾಗುತ್ತಿತ್ತು.

ಆದರೆ ಸರಿಯಾಗಿ ಒಂದು ವರ್ಷದ ಮೇಲೆ, 1953ರ ಮೇ 2ರಂದು, ಕಲ್ಕತ್ತೆಯ ಡಂಡಂ ನಿಲ್ದಾಣದಿಂದ ದೆಹಲಿಗೆ ಹೊರಟ ಕಾಮೆಟ್ಟೊಂದು ಕೆಲವೇ ನಿಮಿಷಗಳಲ್ಲಿ ಬಿರುಗಾಳಿಗೆ ಸಿಕ್ಕಿ ಆಕಾಶದಲ್ಲಿಯೇ ಒಡೆದುಹೋಯಿತು. 43 ಮಂದಿ ಸತ್ತರು. ಬಿರುಗಾಳಿಯ ಹೊಡೆತವೇ ಕಾರಣವೆಂದು ಆಗ ತೀರ್ಮಾನವಾಯಿತು. 1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ಇನ್ನೊಂದು ಕಾಮೆಟ್ ಸಮುದ್ರಕ್ಕೆ ಬಿದ್ದು 35 ಮಂದಿ ಸತ್ತರು. ಅಂದು ಬಿರುಗಾಳಿಯಿರಲಿಲ್ಲ. ಹಾರಾಟವನ್ನು ನಿಲ್ಲಿಸಿ, ಶಂಕೆ ಬಂದ ಭಾಗಗಳನ್ನೆಲ್ಲ ತಿದ್ದಿ, ಮಾರ್ಚ್ ತಿಂಗಳಲ್ಲಿ ಮತ್ತೆ ಸೇವೆಯನ್ನು ಆರಂಭಿಸಿದರು. ಏಪ್ರಿಲ್ 8ರಂದು ನೇಪಲ್ಸಿನ ಬಳಿ ಮತ್ತೊಂದು ಬಿದ್ದು 21 ಮಂದಿ ಸತ್ತರು. ಆಗ ಕಾಮೆಟ್ಟುಗಳೆಲ್ಲ ನೆಲ ಹಿಡಿದವು.

ಇದಾದ ಮೇಲೆ ಫಾರ್ನ್‌ಬರೊದಲ್ಲಿ ನಡೆದ ಶೋಧನೆ ವಿಜ್ಞಾನದ ಇತಿಹಾಸದಲ್ಲಿ ಒಂದು ಉಜ್ವಲ ಅಧ್ಯಾಯ. ಸರ್ ಆರ್ನಲ್ಡ್ ಹಾಲ್ ಅದರ ಮುಖ್ಯಸ್ಥರಾಗಿದ್ದರು. ಎತ್ತರದಲ್ಲಿ ಹೊರಗಿನ ಗಾಳಿ ತೆಳುವಾಗಿರುವುದರಿಂದ, ಪ್ರಯಾಣಿಕರು ಉಸಿರಾಡಲೆಂದು ವಿಮಾನದ ಒಳಗೆ ಗಾಳಿಯ ಒತ್ತಡವನ್ನು ಹೆಚ್ಚಿಸಬೇಕಾಗುತ್ತದೆ. ಪ್ರತಿ ಸಲ ಮೇಲೇರಿದಾಗ ವಿಮಾನದ ಒಡಲು ಬಲೂನಿನಂತೆ ತುಸುವೇ ಉಬ್ಬುತ್ತದೆ, ಕೆಳಗಿಳಿದಾಗ ಕುಗ್ಗುತ್ತದೆ. ಒಂದು ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಮತ್ತೆ ಮತ್ತೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಇದಕ್ಕೆ ‘ಲೋಹದ ದಣಿವು’ ಎಂದು ಹೆಸರು. ಕಾಮೆಟ್ಟಿನ ಒಡಲಿಗೆ ಇದೇ ಆಗಿರಬಹುದೇ ಎಂದು ಪರೀಕ್ಷಿಸಲು ಒಂದು ಇಡೀ ವಿಮಾನವನ್ನು, ರೆಕ್ಕೆಗಳು ಹೊರಚಾಚಿರುವಂತೆ, ದೊಡ್ಡ ನೀರಿನ ತೊಟ್ಟಿಯಲ್ಲಿ ಕೂರಿಸಿದರು. ಒಡಲಿನೊಳಗೂ ಹೊರಗೂ ನೀರು ತುಂಬಿ, ಒಳಗಿನ ಒತ್ತಡವನ್ನು ಏರಿಸಿ ಇಳಿಸಿದರು. ಗಾಳಿಯನ್ನು ಬಿಟ್ಟು ನೀರನ್ನೇ ಏಕೆ ಬಳಸಿದರೆಂಬುದನ್ನು ಇಲ್ಲಿ ಹೇಳಬೇಕು. ಅದುಮಿಟ್ಟ ಗಾಳಿ ಬಿರುಕು ಸಿಕ್ಕಿದೊಡನೆ ಬಾಂಬಿನಂತೆ ಸಿಡಿದು ಸಾಕ್ಷ್ಯವನ್ನೆಲ್ಲ ಚೂರುಮಾಡುತ್ತದೆ. ನೀರು ಹಾಗೆ ಕುಗ್ಗಿ ಹಿಗ್ಗುವುದಿಲ್ಲವಾದುದರಿಂದ, ಒಡೆದ ಜಾಗ ಒಡೆದ ಹಾಗೆಯೇ ಉಳಿಯುತ್ತದೆ. ಆ ವಿಮಾನ ಅದುವರೆಗೆ 1,221 ಸಲ ನಿಜವಾಗಿ ಹಾರಿತ್ತು. ತೊಟ್ಟಿಯಲ್ಲಿ ಇನ್ನೂ 1,836 ಸಲ ‘ಹಾರಿಸಿದ’ ಮೇಲೆ, ಒಟ್ಟು 3,057ನೆಯ ಸಲಕ್ಕೆ, ಕಿಂಡಿಯೊಂದರ ಮೂಲೆಯಿಂದ ಬಿರುಕು ಹೊರಟು ಒಡಲು ಸೀಳಿತು. ಸಮುದ್ರದ ತಳದಿಂದ ನೌಕಾಪಡೆಯವರು ಎತ್ತಿ ತಂದ ಅವಶೇಷಗಳೂ ಅದೇ ಕಥೆಯನ್ನು ಹೇಳಿದವು. ಒಡಲಿನಲ್ಲಿ ಕೊರೆದ ಕಿಂಡಿಗಳ ಮೂಲೆಗಳಲ್ಲಿ, ರಿವೆಟ್ಟಿನ ರಂಧ್ರಗಳ ಸುತ್ತ, ಒತ್ತಡವು ಲೆಕ್ಕಕ್ಕೆ ಮೀರಿ ಕೂಡಿಕೊಳ್ಳುತ್ತಿತ್ತು.

ಈ ಶೋಧನೆಯ ಫಲ ಒಂದು ಸಂಸ್ಥೆಯ ಗುಟ್ಟಾಗಿ ಉಳಿಯಲಿಲ್ಲ. ವಿಮಾನ ಕಟ್ಟುವವರೆಲ್ಲರೂ ಇದರಿಂದ ಪಾಠ ಕಲಿತರು. ದಪ್ಪ ತಗಡು, ಕೋನಗಳಿಲ್ಲದ ಕಿಟಕಿಗಳೊಡನೆ ಹೊಸದಾಗಿ ರೂಪುಗೊಂಡ ‘ಕಾಮೆಟ್ 4’ 1958ರಲ್ಲಿ ಸೇವೆಗೆ ಬಂತು. ಆ ವರ್ಷದ ಅಕ್ಟೋಬರ್ 4ರಂದು ಎರಡು ಕಾಮೆಟ್ಟುಗಳು, ಒಂದು ಲಂಡನ್ನಿನಿಂದ ನ್ಯೂಯಾರ್ಕಿಗೆ, ಇನ್ನೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ ಹಾರಿ, ಅಟ್ಲಾಂಟಿಕ್ ಸಾಗರದ ಮೇಲೆ ಜೆಟ್ ಪ್ರಯಾಣವನ್ನು ಆರಂಭಿಸಿದವು. ಅಮೆರಿಕದ ‘ಬೋಯಿಂಗ್ 707’ ಅದೇ ತಿಂಗಳ 26ರಂದು ತನ್ನ ಸೇವೆಯನ್ನು ತೊಡಗಿಸಿತು. ಬೋಯಿಂಗ್ ದೊಡ್ಡದು, ಹೆಚ್ಚು ಜನರನ್ನು ಹೊರಬಲ್ಲದು. ಮಾರುಕಟ್ಟೆಯನ್ನು ಅದೇ ಗೆದ್ದಿತು. ಮೊದಲು ಹೊರಟವನು ಕೊನೆಗೆ ಗೆಲ್ಲಲಿಲ್ಲ.

ನ್ಯೂಯಾರ್ಕಿನಿಂದ ಲಂಡನ್ನಿಗೆ ಅಂದು ಹಾರಿದ ವಿಮಾನವೇ, ಜಿ-ಎಪಿಡಿಬಿ ಎಂಬ ನೋಂದಣಿಯದು, ಇಂದು ಡಕ್ಸ್‌ಫರ್ಡಿನಲ್ಲಿ ನಿಂತಿದೆ. ಅದರ ಮುಂದೆ ನಿಂತವನು ನೋಡುವುದು ಕೇವಲ ಒಂದು ಗೆಲುವನ್ನಲ್ಲ. ನೂರು ಜನರ ಸಾವು, ಆ ಸಾವಿನ ಕಾರಣವನ್ನು ಮುಚ್ಚಿಡದೆ ಹುಡುಕಿದ ಪ್ರಾಮಾಣಿಕತೆ, ಹುಡುಕಿದ್ದನ್ನು ಜಗತ್ತಿಗೆ ತಿಳಿಸಿದ ಔದಾರ್ಯ ಇವೆಲ್ಲವೂ ಆ ಕಿಟಕಿಗಳ ಆಕಾರದಲ್ಲಿ ಅಡಗಿವೆ. ನಮ್ಮ ವೀರಗಲ್ಲುಗಳು ಗೆದ್ದವರಿಗಾಗಿಯೇ ನೆಟ್ಟವುಗಳಲ್ಲ. ಅವುಗಳಲ್ಲಿ ಬಹುಪಾಲು ಸತ್ತವರ ನೆನಪಿಗೆ ನೆಟ್ಟವು. ಕಾಮೆಟ್ಟನ್ನು ಆ ದೃಷ್ಟಿಯಿಂದ ನೋಡುವುದು ಉಚಿತ.

ಉಳಿದ ಸಂಗಾತಿಗಳು

ಎಲ್ಲ ವಿಮಾನಗಳನ್ನೂ ವರ್ಣಿಸಲು ಇಲ್ಲಿ ಸ್ಥಳವಿಲ್ಲ. ಕೆಲವನ್ನು ಮಾತ್ರ ಹೇಳುತ್ತೇನೆ.

‘ಏವ್ರೊ ಯಾರ್ಕ್’ ಯುದ್ಧಕಾಲದ ಕೂಸು. ಲ್ಯಾಂಕಾಸ್ಟರ್ ಎಂಬ ಬಾಂಬರಿನ ರೆಕ್ಕೆ ಮತ್ತು ಇಂಜಿನುಗಳಿಗೆ ಪೆಟ್ಟಿಗೆಯಂತಹ ಅಗಲವಾದ ಒಡಲನ್ನು ಜೋಡಿಸಿ ಇದನ್ನು ಮಾಡಿದರು. ಖಡ್ಗವನ್ನು ಮುರಿದು ನೇಗಿಲು ಮಾಡಿದಂತೆಯೇ ಸರಿ. 1948–49ರಲ್ಲಿ ಬರ್ಲಿನ್ ನಗರಕ್ಕೆ ದಾರಿ ಮುಚ್ಚಿಹೋದಾಗ ಯಾರ್ಕ್‌ಗಳು ಅಲ್ಲಿಗೆ ಆಹಾರಸಾಮಗ್ರಿಯನ್ನು ಹೊತ್ತವು. ಡಕ್ಸ್‌ಫರ್ಡಿನ ಯಾರ್ಕ್ ಸೇವೆಯಿಂದ ನಿವೃತ್ತವಾದ ಮೇಲೆ ಕೆಲವು ವರ್ಷ ಸ್ಕೌಟು ಹುಡುಗರು ಮಲಗುವ ಮನೆಯಾಗಿತ್ತು! ಹಾಗೆ ಮನೆಯಾದುದರಿಂದಲೇ ಅದು ಗುಜರಿಯವನ ಕೈಗೆ ಸಿಗದೆ ಉಳಿಯಿತೆನ್ನಬಹುದು. ಉಪಯೋಗಕ್ಕೆ ಬಂದುದು ಉಳಿಯುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

‘ಏರ್‌ಸ್ಪೀಡ್ ಅಂಬಾಸಡರ್’ ಕಥೆ ಇನ್ನೂ ಹೆಚ್ಚು ಕನಿಕರದ್ದು. ಇವನ್ನು ಕಟ್ಟಿದ್ದೇ 23. 1958ರ ಫೆಬ್ರವರಿ 6ರಂದು ಮ್ಯೂನಿಕ್ಕಿನಲ್ಲಿ ನೆಲ ಬಿಡುವಾಗ ಅಪಘಾತಕ್ಕೀಡಾಗಿ, ಮ್ಯಾಂಚೆಸ್ಟರ್ ಯುನೈಟೆಡ್ ಕಾಲ್ಚೆಂಡು ತಂಡದ ಆಟಗಾರರೂ ಸೇರಿದಂತೆ 23 ಜನರ ಸಾವಿಗೆ ಕಾರಣವಾದದ್ದು ಈ ಜಾತಿಯ ವಿಮಾನವೇ. ಇಂದು ಇಡೀ ಜಗತ್ತಿನಲ್ಲಿ ಉಳಿದಿರುವ ಅಂಬಾಸಡರ್ ಒಂದೇ ಒಂದು. ಡಕ್ಸ್‌ಫರ್ಡಿನ ಸ್ವಯಂಸೇವಕರು ಅದನ್ನು ಬಿಟ್ಟುಬಿಟ್ಟಿದ್ದರೆ ಆ ಹೆಸರಿನ ವಿಮಾನ ಚಿತ್ರದಲ್ಲಿ ಮಾತ್ರ ಉಳಿಯುತ್ತಿತ್ತು.

‘ವಿಕರ್ಸ್ ವೈಕೌಂಟ್’ ನಮಗೂ ಪರಿಚಿತವಾಗಿದ್ದ ವಿಮಾನ. ಜೆಟ್ ಇಂಜಿನ್ನಿನ ತತ್ತ್ವದಿಂದ ಪಂಖವನ್ನು ತಿರುಗಿಸುವ ‘ಟರ್ಬೊಪ್ರಾಪ್’ ಪದ್ಧತಿಯನ್ನು ಪ್ರಯಾಣಿಕ ಸೇವೆಗೆ ಮೊದಲು ತಂದದ್ದು ಇದು. 1948ರಲ್ಲಿ ಮೊದಲು ಹಾರಿ, 1953ರಲ್ಲಿ ಕ್ರಮವಾದ ಸೇವೆಗೆ ಬಂತು. ನಾನೂರಕ್ಕೂ ಹೆಚ್ಚು ವೈಕೌಂಟುಗಳು ಮಾರಾಟವಾದವು. ನಮ್ಮ ಇಂಡಿಯನ್ ಏರ್‌ಲೈನ್ಸ್ 1957ರಿಂದ ಇವನ್ನು ನಡೆಸಿತು. ಅದರ ದೊಡ್ಡ ಅಂಡಾಕಾರದ ಕಿಟಕಿಗಳಿಂದ ನಮ್ಮ ದೇಶದ ಎಷ್ಟೋ ಮಂದಿ ಮೊದಲ ಸಲ ತಮ್ಮ ನಾಡನ್ನು ಮೇಲಿನಿಂದ ಕಂಡಿರಬೇಕು. ಉಳಿದಿರುವ ವೈಕೌಂಟುಗಳಲ್ಲೆಲ್ಲ ಹಿರಿಯದು ಡಕ್ಸ್‌ಫರ್ಡಿನಲ್ಲಿದೆ.

‘ಟ್ರೈಡೆಂಟ್’ ಎಂಬುದು ಲಂಡನ್ನಿನ ಮಂಜಿಗೆ ಮನುಷ್ಯ ಕೊಟ್ಟ ಉತ್ತರ. ಮಂಜು ಮುಸುಕಿದರೆ ಚಾಲಕನಿಗೆ ನೆಲ ಕಾಣದು. ಯಂತ್ರವೇ ರೇಡಿಯೋ ಅಲೆಗಳನ್ನು ಅನುಸರಿಸಿ ವಿಮಾನವನ್ನು ಇಳಿಸುವಂತೆ ಇದರಲ್ಲಿ ಏರ್ಪಾಡು ಮಾಡಿದರು. 1965ರ ಜೂನ್ 10ರಂದು ಪ್ರಯಾಣಿಕರಿದ್ದ ಟ್ರೈಡೆಂಟ್ ಒಂದು ಲಂಡನ್ನಿನಲ್ಲಿ ಯಂತ್ರದ ಹಿಡಿತದಲ್ಲಿಯೇ ನೆಲ ಮುಟ್ಟಿತು.

ಕೊನೆಯದಾಗಿ ‘ಕಾನ್‌ಕಾರ್ಡ್’. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುತ್ತಿದ್ದ ಈ ಜಾತಿಯಲ್ಲಿ ಒಟ್ಟು 20 ವಿಮಾನಗಳು ಮಾತ್ರ ತಯಾರಾದವು. 2003ರಲ್ಲಿ ಸೇವೆ ನಿಂತಿತು. ಡಕ್ಸ್‌ಫರ್ಡಿನದು ಪರೀಕ್ಷೆಗಾಗಿ ಕಟ್ಟಿದ್ದು. ಆದುದರಿಂದ ಅದರೊಳಗೆ ಮೆತ್ತೆಯ ಆಸನಗಳ ಬದಲು ಅಳತೆಯ ಉಪಕರಣಗಳ ಕಪಾಟುಗಳಿವೆ. ಅದು ಅಲ್ಲಿಗೆ ಬಂದ ಬಗೆ ಸ್ವಾರಸ್ಯವಾದುದು. ಹೊಸ ಹೆದ್ದಾರಿಯೊಂದಕ್ಕಾಗಿ ನಿಲ್ದಾಣದ ಓಡುದಾರಿಯ ತುದಿಯನ್ನು ಕತ್ತರಿಸಬೇಕಾಗಿತ್ತು. ಕತ್ತರಿಸಿದ ಮೇಲೆ ಇಂತಹ ವಿಮಾನ ಅಲ್ಲಿ ಇಳಿಯುವಂತಿರಲಿಲ್ಲ. ಅದಕ್ಕೆ ಮೊದಲೇ, 1977ರ ಆಗಸ್ಟ್ 20ರಂದು, ಅದನ್ನು ಹಾರಿಸಿ ತಂದು ಇಳಿಸಿಬಿಟ್ಟರು. ಇನ್ನು ಅದು ಅಲ್ಲಿಂದ ಮೇಲೇಳುವ ಮಾತಿಲ್ಲ. ರಕ್ಷಣೆಯ ಕೆಲಸದಲ್ಲಿ ಹಣದಷ್ಟೇ ಹೊತ್ತೂ ಮುಖ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಾಪಾಡುವುದೆಂದರೇನು?

ವಿಮಾನವನ್ನು ತಂದು ನಿಲ್ಲಿಸಿದೊಡನೆ ಕೆಲಸ ಮುಗಿಯುವುದಿಲ್ಲ, ಅಲ್ಲಿಂದಲೇ ಮೊದಲಾಗುತ್ತದೆ. ಹಾರುವ ವಿಮಾನಕ್ಕೆ ನಿತ್ಯವೂ ತಪಾಸಣೆಯುಂಟು. ನಿಂತ ವಿಮಾನಕ್ಕೆ ಯಾರಿದ್ದಾರೆ? ಮಳೆಯ ನೀರು ಜೋಡಣೆಗಳ ಸಂದಿಯಲ್ಲಿ ಇಳಿಯುತ್ತದೆ. ಅಲ್ಯೂಮಿನಿಯಮ್ ಮತ್ತು ಉಕ್ಕು ಕೂಡಿದ ಕಡೆ ತೇವ ಸೇರಿದರೆ, ಅಲ್ಯೂಮಿನಿಯಮ್ ಬಿಳಿಯ ಪುಡಿಯಾಗಿ ಉದುರತೊಡಗುತ್ತದೆ. ಹಕ್ಕಿಗಳು ಇಂಜಿನ್ನಿನ ಬಾಯಲ್ಲಿ ಗೂಡು ಕಟ್ಟುತ್ತವೆ. ಬಿಸಿಲು ಬಣ್ಣವನ್ನು ಸುಡುತ್ತದೆ. ಒಳಗಿನ ಬಟ್ಟೆ ಬೂಷ್ಟು ಹಿಡಿಯುತ್ತದೆ. ಒಂದೇ ಕಡೆ ಭಾರ ಹೊತ್ತು ನಿಂತ ಗಾಲಿಯ ರಬ್ಬರು ಚಪ್ಪಟೆಯಾಗುತ್ತದೆ. ಡಕ್ಸ್‌ಫರ್ಡಿನಲ್ಲಿ 2007ರಲ್ಲಿ ತೆರೆದ ‘ಏರ್‌ಸ್ಪೇಸ್’ ಎಂಬ ವಿಶಾಲ ಮಂದಿರದೊಳಗೆ ಕಾಮೆಟ್, ಯಾರ್ಕ್, ಕಾನ್‌ಕಾರ್ಡ್‌ಗಳಿಗೆ ಸೂರು ಸಿಕ್ಕಿತು. ಸೂರಿಲ್ಲದೆ ಬಯಲಿನಲ್ಲಿ ನಿಂತ ದೊಡ್ಡ ವಿಮಾನಗಳ ಪಾಲಿಗೆ ಪ್ರತಿ ಮಳೆಗಾಲವೂ ಒಂದು ಪರೀಕ್ಷೆ. ಒಂದು ತುದಿಯಿಂದ ಬಣ್ಣ ಬಳಿಯುತ್ತ ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ, ಮೊದಲ ತುದಿ ಮತ್ತೆ ಕೈ ಬೇಡುತ್ತಿರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಗಳೂ ಇವೆ. ಒಂದು ವಿಮಾನ ತನ್ನ ಆಯುಸ್ಸಿನಲ್ಲಿ ಮೂರು ನಾಲ್ಕು ಒಡೆಯರ ಕೈ ದಾಟಿರುತ್ತದೆ. ಯಾರ ಬಣ್ಣದಲ್ಲಿ ಅದನ್ನು ನಿಲ್ಲಿಸಬೇಕು? ಮೊದಲ ಒಡೆಯನ ವೈಭವದ ಬಣ್ಣದಲ್ಲಿಯೋ, ಕೊನೆಯ ಒಡೆಯನ ದುಡಿಮೆಯ ಬಣ್ಣದಲ್ಲಿಯೋ? ಡಕ್ಸ್‌ಫರ್ಡಿನವರು ಕಾಮೆಟ್ಟಿಗೆ ಅದರ ಐತಿಹಾಸಿಕ ಹಾರಾಟದ ಕಾಲದ ಬಿ.ಓ.ಎ.ಸಿ. ಸಂಸ್ಥೆಯ ಬಣ್ಣವನ್ನು ಕೊಟ್ಟರು; ಅಂಬಾಸಡರಿಗೆ ಅದರ ಕೊನೆಯ ಒಡೆಯರಾದ ಡಾನ್-ಏರ್ ಸಂಸ್ಥೆಯ ಬಣ್ಣವನ್ನು ಉಳಿಸಿದರು. ಎರಡಕ್ಕೂ ನ್ಯಾಯವಿದೆ. ಆದರೆ ಬಣ್ಣ ಬಳಿಯುವಾಗ ಹಳೆಯ ಗುರುತುಗಳನ್ನು ಬರೆದಿಟ್ಟುಕೊಳ್ಳದೆ ಉಜ್ಜಿಬಿಟ್ಟರೆ ಅದು ರಕ್ಷಣೆಯಲ್ಲ, ಅಲಂಕಾರ. ನಮ್ಮ ಹಳೆಯ ಗುಡಿಗಳ ಶಿಲ್ಪಗಳಿಗೆ ಭಕ್ತಿಯ ಭರದಲ್ಲಿ ಎಣ್ಣೆಬಣ್ಣ ಬಳಿದುದನ್ನು ಕಂಡವರಿಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ವಿಮಾನದ ನಕ್ಷೆಗಳೂ ಚಿತ್ರಗಳೂ ಇರುವಾಗ ವಿಮಾನವೇ ಏಕೆ ಬೇಕು ಎಂದು ಕೆಲವರು ಕೇಳುವುದುಂಟು. ನಕ್ಷೆಯಲ್ಲಿ ಇರುವುದು ಮಾಡಬೇಕೆಂದಿದ್ದುದು. ವಸ್ತುವಿನಲ್ಲಿ ಇರುವುದು ಮಾಡಿದ್ದು. ಎಲ್ಲಿ ತೇಪೆ ಹಾಕಿದರು, ಯಾವ ಹಿಡಿಕೆ ಎಷ್ಟು ಸವೆದಿದೆ, ಆಸನದ ತೋಳಿನಲ್ಲಿ ಸಿಗರೇಟಿನ ಬೂದಿಗೆ ಎಷ್ಟು ಜಾಗ ಬಿಟ್ಟಿದ್ದರು ಎಂಬುದನ್ನೆಲ್ಲ ನಕ್ಷೆ ಹೇಳಲಾರದು. ಶಾಸನದ ಪಾಠವನ್ನು ಪುಸ್ತಕದಲ್ಲಿ ಅಚ್ಚು ಮಾಡಿದ ಮೇಲೆ ಕಲ್ಲನ್ನು ಒಡೆದು ರಸ್ತೆಗೆ ಹಾಕಬಹುದೆಂದು ಯಾವ ಇತಿಹಾಸಕಾರನೂ ಒಪ್ಪಲಾರನು.

ಪೋಷಣೆ ನಿಂತಾಗ

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮುಖವನ್ನೂ ತೋರಿಸುವುದು ಧರ್ಮ. ಇಂಗ್ಲೆಂಡಿನಲ್ಲಿಯೇ ಕಾಸ್ಫರ್ಡ್ ಎಂಬಲ್ಲಿ, ವಾಯುಸೇನೆಯ ವಸ್ತುಸಂಗ್ರಹಾಲಯದ ಆವರಣದಲ್ಲಿ, ಬ್ರಿಟಿಷ್ ಏರ್‌ವೇಸ್ ಸಂಸ್ಥೆಗೆ ಸೇರಿದ ಹಳೆಯ ವಿಮಾನಗಳ ಸಂಗ್ರಹವೊಂದಿತ್ತು. 2006ರಲ್ಲಿ ಅದರ ಪೋಷಣೆ ನಿಂತಿತು. ವೈಕೌಂಟ್ ಮತ್ತು ‘ಒನ್-ಇಲೆವೆನ್’ ಎಂಬ ಎರಡನ್ನು ಬಿಚ್ಚಿ ಸ್ಕಾಟ್‌ಲೆಂಡಿನ ವಿಮಾನ ಸಂಗ್ರಹಾಲಯಕ್ಕೆ ಸಾಗಿಸಿದರು. ‘ವಿಸಿ10’, ಬೋಯಿಂಗ್ 707, ಟ್ರೈಡೆಂಟ್‌ಗಳನ್ನು ಅಲ್ಲಿಯೇ ಒಡೆದರು. ಬೋಯಿಂಗಿನ ಮೂತಿ, ವಿಸಿ10ರ ಒಡಲು ಬೇರೆಡೆ ಉಳಿದವು. ವಸ್ತುಸಂಗ್ರಹಾಲಯವನ್ನು ಸೇರಿತೆಂದ ಮಾತ್ರಕ್ಕೆ ಒಂದು ವಸ್ತು ಅಮರವಾಗುವುದಿಲ್ಲ. ಒಬ್ಬ ಧನಿಕನ ಕೃಪೆಯನ್ನೇ ನೆಚ್ಚಿದ ರಕ್ಷಣೆ ಆ ಕೃಪೆ ಇರುವ ತನಕ ಮಾತ್ರ. ಡಕ್ಸ್‌ಫರ್ಡ್ ಐವತ್ತು ವರ್ಷ ಬಾಳಿದ್ದರೆ ಅದಕ್ಕೆ ಕಾರಣ, ಅಲ್ಲಿನ ಹೊರೆಯನ್ನು ನೂರಾರು ಸಾಮಾನ್ಯರ ಹೆಗಲುಗಳು ಹಂಚಿಕೊಂಡಿರುವುದು.

ನಮ್ಮ ನಾಡಿನಲ್ಲಿ

ಕನ್ನಡನಾಡಿಗೂ ವಿಮಾನಕ್ಕೂ ಇರುವ ನಂಟು ಹೊಸದಲ್ಲ. ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಕಾರದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಇಂದಿನ ಎಚ್.ಎ.ಎಲ್. ಅದೇ. ಆ ಸಂಸ್ಥೆ 2001ರಲ್ಲಿ ಬೆಂಗಳೂರಿನಲ್ಲಿ ತೆರೆದ ವೈಮಾನಿಕ ವಸ್ತುಸಂಗ್ರಹಾಲಯದಲ್ಲಿ ಎಚ್‌ಟಿ-2, ಮಾರುತ್ ಮೊದಲಾದ ನಮ್ಮವರೇ ಕಟ್ಟಿದ ವಿಮಾನಗಳನ್ನು ಕಾಣಬಹುದು. 1961ರಲ್ಲಿ ಕಾನಪುರದಲ್ಲಿ ಹಾರಿದ, ನಮ್ಮ ದೇಶದಲ್ಲಿ ಕಟ್ಟಿದ ‘ಏವ್ರೊ 748’ ಮುಂದೆ ಇಂಡಿಯನ್ ಏರ್‌ಲೈನ್ಸಿನ ಪ್ರಯಾಣಿಕರನ್ನೂ ಹೊತ್ತಿತು.

ಇನ್ನೊಂದು ಪ್ರಸಂಗವೂ ಸ್ಮರಣೀಯ. 1947ರ ಅಕ್ಟೋಬರ್ 27ರಂದು ಸಿಖ್ ಪಡೆಯ ಯೋಧರನ್ನು ಶ್ರೀನಗರಕ್ಕೆ ಇಳಿಸಿದವು ಡಕೋಟಾ ವಿಮಾನಗಳು. ಡಕೋಟಾ ಎಂಬುದು 1935ರಲ್ಲಿ ಪ್ರಯಾಣಿಕ ವಿಮಾನವಾಗಿ ಹುಟ್ಟಿದ ‘ಡಿಸಿ-3’ರ ಸೈನಿಕ ರೂಪ. ಬ್ರಿಟನ್ನಿನಲ್ಲಿ ಗುಜರಿಯ ಪಾಲಾಗಿದ್ದ ಅಂತಹ ಒಂದು ಡಕೋಟಾವನ್ನು, ಆಗ ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರರು ಕೊಂಡು, ಜೀರ್ಣೋದ್ಧಾರ ಮಾಡಿಸಿ ವಾಯುಸೇನೆಗೆ ಕಾಣಿಕೆಯಾಗಿ ಕೊಟ್ಟರು. ಅವರ ತಂದೆ ವಾಯುಸೇನೆಯಲ್ಲಿ ಡಕೋಟಾ ನಡೆಸಿದವರು. 2018ರಲ್ಲಿ ಅದು ‘ಪರಶುರಾಮ’ ಎಂಬ ಹೆಸರಿನಿಂದ, ವಿಪಿ 905 ಎಂಬ ಹಳೆಯ ಸಂಖ್ಯೆಯನ್ನು ಧರಿಸಿ ಭಾರತಕ್ಕೆ ಹಾರಿಬಂತು.

ಆದರೆ ಪ್ರಯಾಣಿಕ ವಿಮಾನಗಳ ವಿಷಯದಲ್ಲಿ ನಮ್ಮ ಸಂಗ್ರಹ ತೆಳುವಾದುದೆಂದೇ ಹೇಳಬೇಕು. ಏರ್ ಇಂಡಿಯಾದ ಕೊನೆಯ ‘ಬೋಯಿಂಗ್ 747’ಗಳಲ್ಲೊಂದು 2024ರ ಏಪ್ರಿಲಿನಲ್ಲಿ ಮುಂಬಯಿಯಿಂದ ಮೇಲೆದ್ದು, ರೆಕ್ಕೆಯನ್ನು ಬಾಗಿಸಿ ಊರಿಗೆ ವಂದನೆ ಹೇಳಿ, ಬಿಡಿಭಾಗಗಳಿಗಾಗಿ ಬಿಚ್ಚಿಸಿಕೊಳ್ಳಲು ಅಮೆರಿಕಕ್ಕೆ ಹೊರಟುಹೋಯಿತು. ಗಲ್ಫಿಗೆ ದುಡಿಯಲು ಹೋದವರು, ಓದಲು ಹೋದ ಮಕ್ಕಳನ್ನು ನೋಡಲು ಹೊರಟ ವೃದ್ಧರು, ಎಂತೆಂತಹ ಜನರ ಕಣ್ಣೀರೂ ನಗುವೂ ಇಂತಹ ವಿಮಾನಗಳ ಆಸನಗಳಲ್ಲಿ ಕುಳಿತು ಎದ್ದಿವೆ! ಅವರಲ್ಲಿ ಯಾರ ಹೆಸರೂ ಚರಿತ್ರೆಯ ಪುಸ್ತಕದಲ್ಲಿ ಬರುವುದಿಲ್ಲ. ಅವರ ಚರಿತ್ರೆಗೆ ಇರುವ ಶಾಸನ ಆ ವಿಮಾನವೇ.

ಉಪಸಂಹಾರ

ಮೊದಲು ಕೇಳಿದ ಮೂರು ಪ್ರಶ್ನೆಗಳಿಗೆ ಈಗ ಉತ್ತರ ಹೇಳಬಹುದು. ಯಾವುದನ್ನು ಉಳಿಸಬೇಕು? ಅಪರೂಪವಾದುದನ್ನಷ್ಟೇ ಅಲ್ಲ, ನಿನ್ನೆಯವರೆಗೆ ಸಾಮಾನ್ಯವಾಗಿದ್ದು ನಾಳೆ ಇಲ್ಲವಾಗುವುದನ್ನು. ಏಕೆ ಉಳಿಸಬೇಕು? ಗೆಲುವಿನ ಹೆಮ್ಮೆಗಾಗಿ ಮಾತ್ರವಲ್ಲ. ಕಾಮೆಟ್ಟಿನಂತೆ, ಸೋಲಿನಿಂದ ಮನುಷ್ಯ ಏನನ್ನು ಕಲಿತನೆಂಬುದನ್ನು ಕಣ್ಣಿಂದ ಕಾಣುವುದಕ್ಕಾಗಿ. ಯಾರು ಉಳಿಸಬೇಕು? ಸರ್ಕಾರವೂ ಧನಿಕರೂ ನೆರವಾಗಲಿ. ಆದರೆ ಭಾರ ಹೊರಬೇಕಾದವರು ಆ ವಸ್ತುವಿನ ಬೆಲೆಯನ್ನು ತಿಳಿದ ಸಾಮಾನ್ಯರೇ.

ನಮಗೆ ವಿಮಾನವನ್ನು ಕಾಪಾಡುವ ಅವಕಾಶ ಬಾರದಿರಬಹುದು. ಆದರೆ ನಮ್ಮ ತಾಲ್ಲೂಕುಗಳಲ್ಲಿ ಮೂಲೆ ಸೇರಿರುವ ಮಗ್ಗಗಳು, ಕಬ್ಬಿನ ಗಾಣಗಳು, ಅಚ್ಚುಮೊಳೆಯ ಮುದ್ರಣಯಂತ್ರಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಸಿರು ಹಿಡಿದುಕೊಂಡಿವೆ. ನಮ್ಮ ಕಾಲೇಜಿನ ಇತಿಹಾಸ ಸಂಘವು ಅವುಗಳಲ್ಲಿ ಒಂದನ್ನಾದರೂ ತಂದು, ಅದನ್ನು ನಡೆಸಿದ ಹಿರಿಯರ ಬಾಯಿಂದ ಅದರ ಕಥೆಯನ್ನು ಬರೆದಿಟ್ಟು, ಹಜಾರದ ಒಂದು ಮೂಲೆಯಲ್ಲಿ ನಿಲ್ಲಿಸುವುದಾದರೆ, ವರ್ಷಕ್ಕೊಮ್ಮೆ ಎಣ್ಣೆ ಹಾಕಲು ಮುಂದಿನ ತರಗತಿಯವರು ಒಪ್ಪುವುದಾದರೆ, ಡಕ್ಸ್‌ಫರ್ಡಿನ ಪಾಠವನ್ನು ನಾವು ಓದಿದ್ದಷ್ಟೇ ಅಲ್ಲ, ಕಲಿತೆವೆಂದೂ ಹೇಳಿಕೊಳ್ಳಬಹುದು. ಅಧ್ಯಾಪಕರೂ ಸಹಪಾಠಿಗಳೂ ಈ ಸಲಹೆಯನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.